ಹಂದಿ ಶೆಡ್ಡಿನ ಘಾಟು ಹುಟ್ಟುವುದು ಫೀಡಿನ ಮೂಟೆಯಲ್ಲಿ

ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟ ತಕ್ಷಣ ಕಣ್ಣು ಉರಿಸಿ ಮೂಗಿಗೆ ಅಡರುವ ಘಾಟು ಅಮೋನಿಯದ್ದು. ಅದಕ್ಕೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಇನ್ನಷ್ಟು ನೀರು ಹೊಡೆದು ತೊಳೆಯಿರಿ, ಅಂಗಡಿಯಲ್ಲಿ ಸಿಗುವ ಆ ಪುಡಿ ತಂದು ಹಾಕಿ, ಸುಣ್ಣ ಎರಚಿ. ಸುಣ್ಣದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಲಮೂತ್ರ ಇರುವ ಒದ್ದೆ ನೆಲಕ್ಕೆ ಸುಣ್ಣ ಎರಚಿದರೆ ಅಮೋನಿಯ ಕಡಿಮೆಯಾಗುವುದಿಲ್ಲ, ಇದ್ದದ್ದೆಲ್ಲ ಒಮ್ಮೆಗೇ ಎದ್ದು ಬರುತ್ತದೆ. ಸುಣ್ಣದ ಕೆಲಸ ರೋಗಾಣು ಕೊಲ್ಲುವುದು. ಹಂದಿ ಹೊರಗೆ ಹೋದಮೇಲೆ, ಅಂಕಣ ತೊಳೆದು ಒಣಗಿಸಿದಮೇಲೆ ಬಳಿಯಬೇಕಾದದ್ದು ಅದು.

ಘಾಟನ್ನು ನೆಲದ ಮೇಲೆ ಹಿಡಿಯಲು ಹೋಗುವ ಮೊದಲು ಅದು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಬೆಳೆಯುವ ಹಂದಿ ತಿಂದ ಸಾರಜನಕದಲ್ಲಿ ಮೈಗೆ ಹಿಡಿಯುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಹೊರಗೆ. ಜೀರ್ಣವಾಗದ ಪ್ರೋಟೀನ್ ಮತ್ತು ಕರುಳಿನ ಬ್ಯಾಕ್ಟೀರಿಯ ಮಲದಲ್ಲಿ ಹೋಗುತ್ತವೆ. ಜೀರ್ಣವಾಗಿ ರಕ್ತಕ್ಕೆ ಸೇರಿಯೂ ಮಾಂಸ ಕಟ್ಟಲು ಬೇಡವಾದ ಅಮೈನೊ ಆಮ್ಲಗಳನ್ನು ಯಕೃತ್ತು ಒಡೆದು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಹೊರಬೀಳುವ ಸಾರಜನಕದಲ್ಲಿ ಸುಮಾರು ಮೂರನೇ ಎರಡು ಭಾಗ ಈ ಮೂತ್ರದ ದಾರಿಯಲ್ಲಿ.

ಈ ಎರಡು ದಾರಿಗಳ ವ್ಯತ್ಯಾಸವೇ ಮುಂದಿನದಕ್ಕೆಲ್ಲ ಬುನಾದಿ. ಮಲದಲ್ಲಿರುವ ಸಾರಜನಕ ನಿಧಾನ, ವಾರಗಟ್ಟಲೆ ಕೊಳೆತು ಬಿಡುಗಡೆಯಾಗುತ್ತದೆ. ಮೂತ್ರದ ಯೂರಿಯಾ ಹಾಗಲ್ಲ. ಮಲದ ಬ್ಯಾಕ್ಟೀರಿಯಗಳಲ್ಲಿ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ಮಲ ಮೆತ್ತಿದ ನೆಲಕ್ಕೆ ಮೂತ್ರ ಬಿದ್ದರೆ ಸಾಕು, ಕೆಲವೇ ಗಂಟೆಗಳಲ್ಲಿ ಯೂರಿಯಾ ಒಡೆದು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮೂತ್ರವೊಂದೇ ಇದ್ದರೆ ಇಷ್ಟು ಬೇಗ ಆಗುವುದಿಲ್ಲ. ಕಾಂಕ್ರೀಟು ಒರಟಾಗಿ, ಸಂದುಗಳಲ್ಲಿ ಮಲ ಕಚ್ಚಿಕೊಂಡಿದ್ದರೆ ತೊಳೆದ ಅರ್ಧ ದಿನಕ್ಕೇ ಘಾಟು ಮರಳುವುದು ಇದರಿಂದಲೇ: ಕಿಣ್ವ ಅಲ್ಲೇ ಉಳಿದಿರುತ್ತದೆ, ಹೊಸ ಮೂತ್ರಕ್ಕೆ ಕಾದಿರುತ್ತದೆ.

ಹುಟ್ಟಿದ ಅಮೋನಿಯ ಅಷ್ಟೂ ಗಾಳಿಗೆ ಹಾರುವುದಿಲ್ಲ. ಎಷ್ಟು ಹಾರುತ್ತದೆ ಎನ್ನುವುದನ್ನು ಪಿಎಚ್ (ಆಮ್ಲ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) ಮತ್ತು ಬಿಸಿ ತೀರ್ಮಾನಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಪಿಎಚ್ 7 ಇದ್ದಾಗ ಹಾರಬಲ್ಲ ರೂಪದಲ್ಲಿರುವ ಅಮೋನಿಯ ಶೇ. ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇ. 5, ಪಿಎಚ್ 9ಕ್ಕೆ ಶೇ. 36. ಯೂರಿಯಾ ಒಡೆಯುವಾಗ ಪಿಎಚ್ ತಾನಾಗಿಯೇ ಮೇಲೇರುತ್ತದೆ. ಹಾಗಾಗಿ ಯೂರಿಯಾ ಹೆಚ್ಚಿದ್ದರೆ ಎರಡು ಕಡೆಯಿಂದ ಪೆಟ್ಟು.

ಆಹಾರದ ಮೂಲಕ ಮಾಡಬಹುದಾದದ್ದು ಮೂರು. ಮೂತ್ರಕ್ಕೆ ಹೋಗುವ ಯೂರಿಯಾ ಕಡಿಮೆ ಮಾಡುವುದು, ಅದರಲ್ಲಿ ಒಂದಷ್ಟನ್ನು ಮಲದ ದಾರಿಗೆ ತಿರುಗಿಸುವುದು, ಮೂತ್ರದ ಪಿಎಚ್ ಇಳಿಸುವುದು. ಮೊದಲನೆಯದರ ಲಾಭ ಎಲ್ಲಕ್ಕಿಂತ ದೊಡ್ಡದು, ಅದನ್ನು ಬಿಟ್ಟು ಉಳಿದೆರಡಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಹಾಕಿ ನೋಡಿ. 25 ಕೆ.ಜಿ.ಯ ಮರಿ 100 ಕೆ.ಜಿ. ಆಗುವವರೆಗೆ, ಒಂದು ಕೆ.ಜಿ. ತೂಕಕ್ಕೆ 2.8 ಕೆ.ಜಿ. ಫೀಡಿನಂತೆ, 210 ಕೆ.ಜಿ. ತಿನ್ನುತ್ತದೆ. ಕಚ್ಚಾ ಪ್ರೋಟೀನ್ (ಸಾರಜನಕದಿಂದ ಲೆಕ್ಕಹಾಕುವ ಒಟ್ಟು ಪ್ರೋಟೀನ್) ಶೇ. 18 ಇದ್ದರೆ ಹೊಟ್ಟೆಗೆ ಹೋದ ಸಾರಜನಕ ಸುಮಾರು 6.05 ಕೆ.ಜಿ. ಮೈಗೆ ಹಿಡಿದದ್ದು, ಕೆ.ಜಿ. ತೂಕಕ್ಕೆ 25 ಗ್ರಾಂ ಲೆಕ್ಕದಲ್ಲಿ, 1.9 ಕೆ.ಜಿ. ಹೊರಗೆ ಬಂದದ್ದು 4.15 ಕೆ.ಜಿ. ಅದೇ ಬೆಳವಣಿಗೆಯನ್ನು ಶೇ. 15.5 ಪ್ರೋಟೀನಿನಲ್ಲಿ ತೆಗೆದರೆ ಹೊರಗೆ ಬರುವುದು 3.3 ಕೆ.ಜಿ. ಹೀಗೆ ಉಳಿತಾಯವಾದ ಸುಮಾರು 850 ಗ್ರಾಂ ಸಾರಜನಕ 1.8 ಕೆ.ಜಿ. ಯೂರಿಯಾ ಗೊಬ್ಬರಕ್ಕೆ ಸಮ, ಅದೂ ಒಂದೊಂದು ಹಂದಿಗೆ. ಒಟ್ಟು ಸಾರಜನಕದಲ್ಲಿ ಇಳಿದದ್ದು ಶೇ. 20 ಆದರೂ ಅಮೋನಿಯ ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಏಕೆಂದರೆ ಉಳಿತಾಯ ಬಹುಪಾಲು ಮೂತ್ರದ ಯೂರಿಯಾದಲ್ಲೇ ಆಗಿರುತ್ತದೆ. ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳಿಂದ ಹಿಡಿದು ಈವರೆಗೆ ಮತ್ತೆಮತ್ತೆ ಸಿಕ್ಕಿರುವ ಅಂದಾಜು ಒಂದೇ: ಕಚ್ಚಾ ಪ್ರೋಟೀನ್ ಒಂದು ಪಾಯಿಂಟ್ ಇಳಿದರೆ, ಅಂದರೆ ಶೇ. 18 ಇದ್ದದ್ದು 17 ಆದರೆ, ಅಮೋನಿಯ ಸುಮಾರು ಶೇ. 10 ಇಳಿಯುತ್ತದೆ.

ಐರೋಪ್ಯ ಒಕ್ಕೂಟ 2017ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮದಲ್ಲಿ, 30 ಕೆ.ಜಿ. ಮೀರಿದ 2,000ಕ್ಕಿಂತ ಹೆಚ್ಚು ಹಂದಿಗಳಿಗೆ ಜಾಗವಿರುವ ಫಾರಂಗಳಲ್ಲಿ ಹೊರಬೀಳುವ ಸಾರಜನಕ ಒಂದು ಹಂದಿಯ ಜಾಗಕ್ಕೆ ವರ್ಷಕ್ಕೆ 7ರಿಂದ 13 ಕೆ.ಜಿ.ಯೊಳಗೆ ಇರಬೇಕು ಎಂದಿದೆ. ವರ್ಷಕ್ಕೆ ಮೂರು ಬ್ಯಾಚ್ ಎಂದುಕೊಂಡರೆ ಮೇಲಿನ ಮೊದಲ ಹಂದಿಯದು 12.5, ಎರಡನೆಯದರದು 10. ನಮ್ಮಲ್ಲಿ ಅಷ್ಟು ದೊಡ್ಡ ಫಾರಂಗಳೇ ವಿರಳ. ಆದರೂ ಹೋಲಿಸಿಕೊಳ್ಳಲು ಒಂದು ಅಳತೆಗೋಲು ಇದ್ದರೆ ಒಳ್ಳೆಯದು.

ಹಾಗಾದರೆ ಪ್ರೋಟೀನ್ ಕೊಡುವ ಹಿಂಡಿ ಕಡಿಮೆ ಹಾಕಿದರಾಯಿತಲ್ಲ ಎನ್ನಬೇಡಿ. ಬರೀ ಹಿಂಡಿ ಕಡಿಮೆ ಮಾಡಿದರೆ ಹಂದಿ ನಿಧಾನ ಬೆಳೆಯುತ್ತದೆ, ಕೊಬ್ಬು ಏರುತ್ತದೆ. ಮಾರುಕಟ್ಟೆ ತೂಕಕ್ಕೆ ಬರಲು ಇನ್ನೊಂದು ತಿಂಗಳು ಹಿಡಿದರೆ ಆ ತಿಂಗಳ ಫೀಡು, ಆ ತಿಂಗಳ ಮೂತ್ರ ಎಲ್ಲ ಸೇರಿ ಉಳಿಸಿದ್ದನ್ನು ತಿಂದುಹಾಕುತ್ತವೆ. ಹಂದಿಗೆ ಬೇಕಾದದ್ದು ಪ್ರೋಟೀನ್ ಅಲ್ಲ, ಅದರೊಳಗಿನ ಅಮೈನೊ ಆಮ್ಲಗಳು, ಅವೂ ಒಂದಕ್ಕೊಂದು ಸರಿಯಾದ ಪ್ರಮಾಣದಲ್ಲಿ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಮಿಶ್ರಣದಲ್ಲಿ ಮೊದಲು ಕಡಿಮೆ ಬೀಳುವುದು ಲೈಸಿನ್. ಆಮೇಲೆ ಥ್ರಿಯೋನಿನ್, ಮೆಥಿಯೋನಿನ್, ಟ್ರಿಪ್ಟೊಫಾನ್. ಲೈಸಿನ್ ಮಟ್ಟ ಮುಟ್ಟಿಸಲೆಂದು ಹಿಂಡಿ ಹೆಚ್ಚಿಸುತ್ತಾ ಹೋದರೆ ಉಳಿದ ಹತ್ತಾರು ಅಮೈನೊ ಆಮ್ಲಗಳು ಬೇಡದಷ್ಟು ತುಂಬಿಕೊಳ್ಳುತ್ತವೆ. ಯೂರಿಯಾ ಆಗುವುದು ಈ ಹೆಚ್ಚುವರಿಯೇ. ಚರಂಡಿಗೆ ಹರಿಯುತ್ತಿರುವುದು ಹಿಂಡಿಯ ದುಡ್ಡು.

ನಮ್ಮ ಕಡೆ ಇದು ಇನ್ನೂ ಕೆಡುವುದು ಶೇಂಗಾ ಹಿಂಡಿಯಿಂದ. ಶೇಂಗಾ ಹಿಂಡಿಯಲ್ಲೂ ಸೋಯಾದಷ್ಟೇ, ಶೇ. 45ರ ಆಸುಪಾಸು, ಪ್ರೋಟೀನ್ ಇದೆ. ಆದರೆ ಲೈಸಿನ್ ಸೋಯಾದ ಅರ್ಧದಷ್ಟು, ಜೀರ್ಣವಾಗುವುದು ಇನ್ನೂ ಕಡಿಮೆ. ಸೋಯಾ ಹಿಂಡಿ ಕೊಡುವಷ್ಟು ಲೈಸಿನ್ ಶೇಂಗಾ ಹಿಂಡಿಯಿಂದ ಬರಬೇಕಾದರೆ ದುಪ್ಪಟ್ಟು ಮೀರಿ ಹಾಕಬೇಕು, ಅಷ್ಟನ್ನು ಯಾರೂ ಹಾಕುವುದಿಲ್ಲ. ಪರಿಣಾಮ, ಹಂದಿಗೆ ಲೈಸಿನ್ ಕೊರತೆ, ಶೆಡ್ಡಿಗೆ ಅಮೋನಿಯ, ಎರಡೂ ಒಟ್ಟಿಗೆ. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೇರೆ. ಮದ್ಯಸಾರ ತೆಗೆದ ಧಾನ್ಯದ ಒಣಗಿಸಿದ ಚರಟ, ಅಗ್ಗಕ್ಕೆ ಸಿಗುವ ಡಿಡಿಜಿಎಸ್‌ ಕತೆಯೂ ಹೆಚ್ಚು ಬೇರೆಯಲ್ಲ: ಚೀಲದ ಮೇಲೆ ಪ್ರೋಟೀನಿನ ಅಂಕಿ ದೊಡ್ಡದು, ಒಳಗೆ ಲೈಸಿನ್ ಬಡವಾದದ್ದು, ಒಣಗಿಸುವಾಗ ಸೀದಿದ್ದರೆ ಇದ್ದದ್ದೂ ಜೀರ್ಣವಾಗುವುದಿಲ್ಲ. ಚೀಲದ ಮೇಲಿನ ಕಚ್ಚಾ ಪ್ರೋಟೀನ್ ಅಂಕಿ ನೋಡಿ ಕೊಳ್ಳುವ ಅಭ್ಯಾಸವೇ ಈ ಘಾಟಿನ ಅರ್ಧ ಕಾರಣ ಎನ್ನುವುದು ನನ್ನ ಅಭಿಪ್ರಾಯ.

ಒಂದು ಮಿಶ್ರಣವನ್ನೇ ತೆಗೆದುಕೊಳ್ಳೋಣ. 50ರಿಂದ 75 ಕೆ.ಜಿ. ತೂಕದ, ಚೆನ್ನಾಗಿ ಮಾಂಸ ಕಟ್ಟುವ ತಳಿಯ ಹಂದಿಗೆ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ 2012ರ ಪಟ್ಟಿ ಹೇಳುವುದು ಜೀರ್ಣವಾಗುವ ಲೈಸಿನ್ ಶೇ. 0.85. ಬರೀ ಹಿಂಡಿಯಿಂದ ಇದನ್ನು ಮುಟ್ಟಬೇಕಾದರೆ 100 ಕೆ.ಜಿ.ಗೆ ಮೆಕ್ಕೆಜೋಳ 61, ಸೋಯಾ ಹಿಂಡಿ 28, ಗೋಧಿ ಬೂಸಾ 8, ಖನಿಜ ಮಿಶ್ರಣ ಮತ್ತು ಉಪ್ಪು ಸೇರಿ 3 ಕೆ.ಜಿ. ಬೇಕು. ಕಚ್ಚಾ ಪ್ರೋಟೀನ್ ಶೇ. 19 ದಾಟುತ್ತದೆ.

ಈಗ ಸೋಯಾ ಹಿಂಡಿಯನ್ನು 16 ಕೆ.ಜಿ.ಗೆ ಇಳಿಸಿ, ಮೆಕ್ಕೆಜೋಳವನ್ನು ಸುಮಾರು 72.5ಕ್ಕೆ ಏರಿಸಿ. ಬೂಸಾ, ಖನಿಜ ಹಾಗೆಯೇ ಇರಲಿ. ಅದಕ್ಕೆ ಪುಡಿಯಾಗಿ ಕೊಳ್ಳಸಿಗುವ ಅಮೈನೊ ಆಮ್ಲಗಳನ್ನು, ಅಂದರೆ ಎಲ್-ಲೈಸಿನ್ ಹೈಡ್ರೊಕ್ಲೋರೈಡ್ 360 ಗ್ರಾಂ, ಎಲ್-ಥ್ರಿಯೋನಿನ್ 100 ಗ್ರಾಂ, ಡಿಎಲ್-ಮೆಥಿಯೋನಿನ್ 50 ಗ್ರಾಂ, ಟ್ರಿಪ್ಟೊಫಾನ್ 20 ಗ್ರಾಂ ಸೇರಿಸಿ. ಲೈಸಿನ್ 0.85ರಲ್ಲೇ ಉಳಿಯುತ್ತದೆ, ಪ್ರೋಟೀನ್ ಶೇ. 15ರ ಹತ್ತಿರ ಬರುತ್ತದೆ. ನಾಲ್ಕು ಪಾಯಿಂಟ್ ಇಳಿತ ಎಂದರೆ ಅಮೋನಿಯದಲ್ಲಿ ಮೂರನೇ ಒಂದು ಭಾಗದಷ್ಟಾದರೂ ಇಳಿತ. ವ್ಯಾಲಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಈ ಮಿಶ್ರಣದಲ್ಲಿ ಇನ್ನೂ ಸಾಕಾಗುವಷ್ಟಿದೆ. ಸೋಯಾವನ್ನು ಇನ್ನೂ ಕೆಳಗೆ ಎಳೆದರೆ ವ್ಯಾಲಿನ್, ಐಸೊಲ್ಯೂಸಿನ್ ಕೂಡ ಕೊಂಡು ಹಾಕಬೇಕಾಗುತ್ತದೆ, ಅಲ್ಲಿಗೆ ಲಾಭ ಕರಗುತ್ತದೆ.

ಮೊದಲ ಸಲವೇ ನಾಲ್ಕು ಪಾಯಿಂಟ್ ಇಳಿಸಬೇಕೆಂದಿಲ್ಲ. 100 ಕೆ.ಜಿ.ಯಲ್ಲಿ 5 ಕೆ.ಜಿ. ಸೋಯಾ ತೆಗೆದು, ಬದಲಿಗೆ 4.85 ಕೆ.ಜಿ. ಮೆಕ್ಕೆಜೋಳ ಮತ್ತು 150 ಗ್ರಾಂ ಲೈಸಿನ್ ಹೈಡ್ರೊಕ್ಲೋರೈಡ್ ಹಾಕುವುದು ಹಳೆಯ, ಪಳಗಿದ ಲೆಕ್ಕ. ಅಷ್ಟಕ್ಕೇ ಪ್ರೋಟೀನ್ 1.7 ಪಾಯಿಂಟ್ ಇಳಿಯುತ್ತದೆ, ಬೇರೆ ಅಮೈನೊ ಆಮ್ಲದ ಚಿಂತೆ ಅಷ್ಟಾಗಿ ಇರುವುದಿಲ್ಲ. ದುಡ್ಡಿನ ಲೆಕ್ಕವೂ ಸುಲಭ. 5 ಕೆ.ಜಿ. ಸೋಯಾದ ಇವತ್ತಿನ ಬೆಲೆ ಒಂದು ಕಡೆ, 4.85 ಕೆ.ಜಿ. ಮೆಕ್ಕೆಜೋಳ ಮತ್ತು 150 ಗ್ರಾಂ ಲೈಸಿನ್‌ ಬೆಲೆ ಇನ್ನೊಂದು ಕಡೆ ಬರೆದು ನೋಡಿ. ಸೋಯಾ ದುಬಾರಿಯಾದ ತಿಂಗಳುಗಳಲ್ಲಿ ಅಮೋನಿಯ ಇಳಿಸುವ ಕೆಲಸ ಪುಕ್ಕಟೆ ಆಗುತ್ತದೆ. ಟ್ರಿಪ್ಟೊಫಾನ್ ಮಾತ್ರ ದುಬಾರಿ, ಚಿಲ್ಲರೆಯಾಗಿ ಸಿಗುವುದೂ ಕಷ್ಟ. ಸಿಗದಿದ್ದರೆ ಸೋಯಾವನ್ನು 18-19 ಕೆ.ಜಿ.ಗೆ ನಿಲ್ಲಿಸಿ, ಲೈಸಿನ್ ಅಷ್ಟಕ್ಕೆ ತಕ್ಕಂತೆ ಕಡಿಮೆ ಮಾಡಿ.

ಕೈ ತಪ್ಪುವುದು ಹೆಚ್ಚಾಗಿ ಬೆರೆಸುವಾಗ. 360 ಗ್ರಾಂ ಪುಡಿಯನ್ನು 100 ಕೆ.ಜಿ. ರಾಶಿಯ ಮೇಲೆ ಎರಚಿ ಸಲಿಕೆಯಲ್ಲಿ ನಾಲ್ಕು ಸಲ ತಿರುವಿದರೆ ಒಂದು ಹಂದಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ. ಎಲ್ಲ ಅಮೈನೊ ಆಮ್ಲಗಳನ್ನು ಮೊದಲು 2 ಕೆ.ಜಿ. ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟಿನಲ್ಲಿ ಕಲಸಿ, ಅದನ್ನು 10 ಕೆ.ಜಿ.ಯಲ್ಲಿ, ಅದನ್ನು ಪೂರ್ತಿ ರಾಶಿಯಲ್ಲಿ ಬೆರೆಸಬೇಕು. ತೂಕಕ್ಕೆ ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಗೋಣಿಚೀಲ ತೂಗುವ ತಕ್ಕಡಿಯಲ್ಲಿ 50 ಗ್ರಾಂ ತೂಗಲು ಹೋಗಬೇಡಿ.

ಪುಡಿಯಾಗಿ ಹಾಕಿದ ಲೈಸಿನ್ ಹಿಂಡಿಯೊಳಗಿನ ಲೈಸಿನ್‌ಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ದಿನಕ್ಕೆ ಒಂದೇ ಹೊತ್ತು ತಿನ್ನಿಸಿದರೆ ಮಿಕ್ಕ ಅಮೈನೊ ಆಮ್ಲಗಳು ಬರುವ ಮೊದಲೇ ಅದು ಒಡೆದುಹೋಗಿ, ಅದೂ ಯೂರಿಯಾ ಆಗಿಬಿಡುತ್ತದೆ. ಎರಡು ಮೂರು ಹೊತ್ತಿಗೆ ಹಂಚಿ. ಫೀಡನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಹುಳಿ ಬರಿಸುವ ರೂಢಿ ಇದ್ದರೆ ಲೈಸಿನ್ ಪುಡಿಯನ್ನು ಅದರೊಳಗೆ ಹಾಕಬೇಡಿ. ಹುಳಿ ಬರುವಾಗ ಬ್ಯಾಕ್ಟೀರಿಯಗಳು ಅದನ್ನೇ ಮೊದಲು ತಿಂದು ಕೆಡಿಸುತ್ತವೆ. ತೊಟ್ಟಿಗೆ ಸುರಿಯುವ ಮುಂಚೆ ಬೆರೆಸಿ.

ಇನ್ನೊಂದು ದೊಡ್ಡ ಪೋಲು, 25 ಕೆ.ಜಿ.ಯ ಮರಿಗೂ 90 ಕೆ.ಜಿ.ಯ ಹಂದಿಗೂ ಒಂದೇ ಮೂಟೆ. ಅದೇ 2012ರ ಪಟ್ಟಿಯಲ್ಲಿ ಜೀರ್ಣವಾಗುವ ಲೈಸಿನ್ 25-50 ಕೆ.ಜಿ.ಗೆ ಶೇ. 0.98, 75-100 ಕೆ.ಜಿ.ಗೆ 0.73, ಅದರ ಮೇಲೆ 0.61. ಕೊನೆಯ ಹಂತದಲ್ಲಿ ಹಂದಿ ದಿನಕ್ಕೆ ತಿನ್ನುವುದು ಹೆಚ್ಚು, ಬೇಕಾದ ಪ್ರಮಾಣ ಕಡಿಮೆ. ಹಾಗಾಗಿ ಅಮೋನಿಯದ ಬಹುಪಾಲು ಬರುವುದು ದೊಡ್ಡ ಹಂದಿಗಳ ಅಂಕಣದಿಂದ. ಮೂರು ಮಿಶ್ರಣ ಮಾಡಲು ಆಗದವರು 60-65 ಕೆ.ಜಿ. ದಾಟಿದವಕ್ಕಾದರೂ ಬೇರೆ ಮಿಶ್ರಣ ಮಾಡಿ. ಇದಕ್ಕೆ ಒಂದು ಪೈಸೆಯ ಪುಡಿಯೂ ಬೇಡ, ಹಂದಿಗಳನ್ನು ತೂಕದ ಪ್ರಕಾರ ವಿಂಗಡಿಸಿ ಕೂಡಿಹಾಕಿದರೆ ಸಾಕು. ಮರಿಗೆ ಹಾಲೂಡುತ್ತಿರುವ ತಾಯಿಹಂದಿಯ ಪ್ರೋಟೀನನ್ನು ಮಾತ್ರ ಹೀಗೆ ಅಂದಾಜಿನಲ್ಲಿ ಮುಟ್ಟಬೇಡಿ. ಹಾಲು ಇಳಿಯುತ್ತದೆ, ತಾಯಿ ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ, ಆ ಒಡೆದ ಸ್ನಾಯುವಿನ ಸಾರಜನಕವೂ ಯೂರಿಯಾ ಆಗಿ ಬರುತ್ತದೆ. ಗಬ್ಬದ ಹಂದಿಗೆ ಶೇ. 12-13 ಸಾಕಾಗುತ್ತದೆ.

ಹೋಟೆಲ್ ಮುಸುರೆ ಮತ್ತು ಕೋಳಿ ಅಂಗಡಿಯ ತ್ಯಾಜ್ಯದ ಮೇಲೆ ನಡೆಯುವ ಫಾರಂಗಳಲ್ಲಿ ಈ ಲೆಕ್ಕವೆಲ್ಲ ಹೇಗೆ? ಅಲ್ಲಿ ಘಾಟು ಹೆಚ್ಚಿರುವುದು ಕೊಳಕಿನಿಂದ ಮಾತ್ರ ಅಲ್ಲ. ಕರುಳು, ಚರ್ಮ, ತಲೆ ಹೊಟ್ಟೆತುಂಬ ಸಿಕ್ಕಿದ ದಿನ ಪ್ರೋಟೀನ್ ಮಿತಿಮೀರುತ್ತದೆ. ಹೋಟೆಲ್ ಊಟದ ಉಪ್ಪಿಗೆ ಹಂದಿ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತದೆ. ಕೋಳಿ ಪುಕ್ಕ ಜೀರ್ಣವಾಗದೆ ಮಲಕ್ಕೆ ಹೋಗುತ್ತದೆ. ಇಲ್ಲಿ ಕೊರತೆ ಇರುವುದು ಪ್ರೋಟೀನಿನದಲ್ಲ, ಶಕ್ತಿಯದು. ಬೀಸಿದ ಮೆಕ್ಕೆಜೋಳವನ್ನೋ, ಬೇಯಿಸಿದ ಮರಗೆಣಸನ್ನೋ ಸೇರಿಸಿ ಸಮಮಾಡಬೇಕೇ ಹೊರತು ಇದರ ಮೇಲೆ ಹಿಂಡಿ ಹಾಕಬಾರದು. ಕೋಳಿ ತ್ಯಾಜ್ಯವನ್ನು ಸಿಕ್ಕ ದಿನವೇ ರಾಶಿ ಸುರಿಯದೆ ದಿನಕ್ಕಿಷ್ಟು ಎಂದು ಹಂಚಬೇಕು. ಕುದಿಸುವುದು ಕಡ್ಡಾಯ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ನಮ್ಮ ದೇಶಕ್ಕೆ ಬಂದಾಗಿನಿಂದ, ಬೇಯಿಸದ ಮುಸುರೆ ಎಂದರೆ ಇಡೀ ಶೆಡ್ಡನ್ನು ಪಣಕ್ಕಿಟ್ಟಂತೆ. ಕೈಯಾಡಿಸುತ್ತಾ 90 ಡಿಗ್ರಿಯಲ್ಲಿ ಒಂದು ಗಂಟೆ ಎನ್ನುವುದು ಅಂತಾರಾಷ್ಟ್ರೀಯ ಮಾನದಂಡ.

ಪಿಎಚ್ ಇಳಿಸುವ ವಿಷಯದಲ್ಲಿ ಒಂದು ಲಾಭ ಈಗಾಗಲೇ ನಿಮ್ಮ ಕೈಸೇರಿದೆ. ಸೋಯಾ ಹಿಂಡಿಯಲ್ಲಿ ಪೊಟ್ಯಾಸಿಯಂ ಸುಮಾರು ಶೇ. 2, ಮೆಕ್ಕೆಜೋಳದಲ್ಲಿ ಅದರ ಆರನೇ ಒಂದು ಭಾಗ. ಪೊಟ್ಯಾಸಿಯಂ ಹೆಚ್ಚಿದಷ್ಟೂ ಮೂತ್ರ ಕ್ಷಾರವಾಗುತ್ತದೆ. ಸೋಯಾ ಇಳಿಸಿದಾಗ ಯೂರಿಯಾ ಜೊತೆ ಪಿಎಚ್ ಕೂಡ ಇಳಿಯುತ್ತದೆ. ಸುಣ್ಣಕಲ್ಲಿನ ಪುಡಿಯನ್ನು ಬೇಕಾಬಿಟ್ಟಿ ಸುರಿಯುವವರು ಇದೇ ಲಾಭವನ್ನು ಹಿಂದಕ್ಕೆ ಕೊಡುತ್ತಾರೆ, ಅದೂ ಮೂತ್ರವನ್ನು ಕ್ಷಾರದ ಕಡೆಗೇ ಎಳೆಯುತ್ತದೆ. ಯೂರೋಪಿನಲ್ಲಿ ಬೆನ್ಜೋಯಿಕ್ ಆಮ್ಲವನ್ನು ಮಾಂಸದ ಹಂದಿಗಳ ಫೀಡಿಗೆ ಶೇ. 0.5ರಿಂದ 1ರಷ್ಟು ಹಾಕುತ್ತಾರೆ. ಅದು ಹಿಪ್ಪುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬಂದು ಪಿಎಚ್ ಇಳಿಸುತ್ತದೆ. ಕೆಲಸ ಮಾಡುವುದು ನಿಜ, ಆದರೆ ನೂರು ಕೆ.ಜಿ.ಗೆ ಒಂದು ಕೆ.ಜಿ. ಎಂದರೆ ಖರ್ಚು ಸಣ್ಣದಲ್ಲ, ಪುಡಿ ಕಣ್ಣಿಗೆ ತಾಗಿದರೆ ಉರಿ. ಪ್ರೋಟೀನ್ ಸರಿಮಾಡಿದ ಮೇಲಷ್ಟೇ ಇದರ ಮಾತು. ಸುಣ್ಣಕಲ್ಲಿನ ಬದಲು ಜಿಪ್ಸಂ ಹಾಕಿದರೂ ಮೂತ್ರದ ಪಿಎಚ್ ಇಳಿಯುತ್ತದೆ, ಆದರೆ ಅದರ ಗಂಧಕ ಬಗ್ಗಡದ ಗುಂಡಿಯಲ್ಲಿ ಹೈಡ್ರೊಜನ್ ಸಲ್ಫೈಡ್ ಆಗುತ್ತದೆ. ಮುಚ್ಚಿದ ಗುಂಡಿಯನ್ನು ಕಲಕುವಾಗ ಎದ್ದುಬರುವ ಆ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ಗುಂಡಿ ಇರುವವರು ಜಿಪ್ಸಂ ದಾರಿ ಹಿಡಿಯದಿರುವುದೇ ಕ್ಷೇಮ.

ನಾರಿನ ಬಗ್ಗೆ ಚುಟುಕಾಗಿ: ಸೋಯಾ ಸಿಪ್ಪೆ, ಸಕ್ಕರೆ ಬೀಟಿನ ತಿರುಳಿನಂಥ ಬೇಗ ಹುದುಗುವ ನಾರು ದೊಡ್ಡಕರುಳಿನ ಬ್ಯಾಕ್ಟೀರಿಯಗಳಿಗೆ ಆಹಾರ. ಅವು ಬೆಳೆಯಲು ರಕ್ತದ ಯೂರಿಯಾವನ್ನೇ ಎಳೆದುಕೊಳ್ಳುವುದರಿಂದ ಸಾರಜನಕ ಮೂತ್ರ ಬಿಟ್ಟು ಮಲಕ್ಕೆ ತಿರುಗುತ್ತದೆ, ಮಲದ ಪಿಎಚ್ ಕೂಡ ಇಳಿಯುತ್ತದೆ. ಭತ್ತದ ಹೊಟ್ಟು ಈ ಕೆಲಸ ಮಾಡುವುದಿಲ್ಲ, ಅದು ಹುದುಗದ ನಾರು. ಹೆಚ್ಚು ನಾರಿಗೆ ಬೆಳವಣಿಗೆ ಕುಂಟುತ್ತದೆ, ಗುಂಡಿಯಲ್ಲಿ ಮೀಥೇನ್ ಹೆಚ್ಚುತ್ತದೆ. ಬಯೋಗ್ಯಾಸ್ ಇದ್ದವರಿಗೆ ಈ ಕೊನೆಯದು ಲಾಭವೇ.

ತೋಟ ಇರುವವರು ಕೇಳುವ ಪ್ರಶ್ನೆ ಒಂದಿದೆ. ಸಾರಜನಕ ಕಡಿಮೆಯಾದರೆ ಗೊಬ್ಬರದ ಕಸುವು ಕಡಿಮೆಯಾಗುವುದಿಲ್ಲವೇ? ಇಳಿಯುವುದು ಮೂತ್ರದ ಯೂರಿಯಾ. ತೆರೆದ ಗುಂಡಿಯಲ್ಲಿ ಅಡಿಕೆ, ಕಾಫಿ ಗಿಡ ತಲುಪುವ ಮುಂಚೆ ಗಾಳಿಗೆ ಹೋಗುವುದರಲ್ಲಿ ಅದೇ ಮೊದಲನೆಯದು. ಮಲದೊಳಗಿನ ಸಾವಯವ ಸಾರಜನಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಫಲಿತಾಂಶ ಅಳೆಯುವಾಗ ಮೂಗನ್ನು ನಂಬಬೇಡಿ. ದಿನಾ ಶೆಡ್ಡಿನಲ್ಲಿರುವವರ ಮೂಗಿಗೆ ಘಾಟು ರೂಢಿಯಾಗಿರುತ್ತದೆ. ನಾಲ್ಕೂ ಕಡೆ ತೆರೆದ ನಮ್ಮ ಶೆಡ್ಡುಗಳಲ್ಲಿ ಗಾಳಿ ಬೀಸಿದರೆ ಘಾಟು ಗೊತ್ತಾಗುವುದಿಲ್ಲ, ಆದರೆ ಹಾರಿಹೋಗುವ ಅಮೋನಿಯ ಅಂಥ ದಿನವೇ ಹೆಚ್ಚು. ಬಣ್ಣ ಬದಲಾಗುವ ಗಾಜಿನ ಡಿಟೆಕ್ಟರ್ ಟ್ಯೂಬ್ ಅಥವಾ ಕೈಯಲ್ಲಿ ಹಿಡಿಯುವ ಗ್ಯಾಸ್ ಮೀಟರಿನಿಂದ, ಹಂದಿಯ ಮೂಗಿನ ಎತ್ತರದಲ್ಲಿ, ಬೆಳಿಗ್ಗೆ ತೊಳೆಯುವ ಮೊದಲು ಅಳೆಯಿರಿ. 20 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಒಳಗಿರಬೇಕು, 10ರೊಳಗೆ ಇದ್ದರೆ ಒಳ್ಳೆಯದು. ಅದಕ್ಕಿಂತ ನೇರವಾದ ಪರೀಕ್ಷೆ ರಕ್ತದ ಯೂರಿಯಾ. ಫೀಡ್ ಬದಲಿಸುವ ಮೊದಲು ಒಂದೇ ಅಂಕಣದ ಐದಾರು ಹಂದಿಗಳ ರಕ್ತವನ್ನು ಪಶುವೈದ್ಯರಿಂದ ತೆಗೆಸಿ, ಬದಲಿಸಿದ ಎರಡು ವಾರದ ಮೇಲೆ ಅದೇ ಹಂದಿಗಳಿಂದ, ತಿನ್ನಿಸಿದ ಅಷ್ಟೇ ಹೊತ್ತಿನ ನಂತರ ಮತ್ತೆ ತೆಗೆಸಿ. ಅಂಕಿ ಇಳಿದು, ತೂಕ ಎಂದಿನಂತೆ ಏರುತ್ತಿದ್ದರೆ ಮಿಶ್ರಣ ಸರಿಯಿದೆ. ಎರಡೂ ಇಳಿದಿದ್ದರೆ ಪ್ರೋಟೀನನ್ನು ಅತಿಯಾಗಿ ಇಳಿಸಿದ್ದೀರಿ, ಇಲ್ಲವೇ ಫೀಡನ್ನೇ ಕಡಿಮೆ ತಿನ್ನುತ್ತಿವೆ. ಅಂಕಿ ಏರಿ ತೂಕ ನಿಂತಿದ್ದರೆ ಯಾವುದೋ ಒಂದು ಅಮೈನೊ ಆಮ್ಲದ ಕೊರತೆಯಲ್ಲಿ ಉಳಿದವು ಪೋಲಾಗುತ್ತಿವೆ. ಮೊದಲು ಬೆರೆಸಿದ ರೀತಿಯನ್ನು ನೋಡಿ, ಆಮೇಲೆ ಥ್ರಿಯೋನಿನ್ ಲೆಕ್ಕವನ್ನು.

ಮೂತ್ರದ ಯೂರಿಯಾ ಫೀಡ್ ಬದಲಿಸಿದ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ಗುಂಡಿಯಲ್ಲಿ ಎರಡು ತಿಂಗಳ ಹಳೆಯ ಬಗ್ಗಡ ನಿಂತಿದ್ದರೆ ಶೆಡ್ಡಿನ ಘಾಟು ಹಾಗೇ ಇರುತ್ತದೆ. ಹಾಗಾಗಿ ಹೊಸ ಮಿಶ್ರಣ ಶುರುಮಾಡುವ ವಾರವೇ ಗುಂಡಿ ಖಾಲಿ ಮಾಡಿಸಿ, ನೆಲದ ಸಂದುಗಳಿಗೆ ಸಿಮೆಂಟು ಮೆತ್ತಿಸಿ, ಸೋರುವ ಕುಡಿಯುವ ನೀರಿನ ನಿಪ್ಪಲ್‌ಗಳನ್ನು ಬದಲಿಸಿ.